ಗೋಡೆಯ ಹಾವಸೆಯೂ ಬೇಲಿಯ ಹೂವೂ



ಸೊಲೊಮೋನನ ಜ್ಞಾನವು ದೊಡ್ಡ ದೇವದಾರಿನಲ್ಲಿ ನಿಂತುಹೋಗದೆ ಗೋಡೆಯ ಸಣ್ಣ ಹಿಸ್ಸೋಪಿನ ವರೆಗೂ ಇಳಿಯಿತೆಂದು 1 ಅರಸು 4:33ರಿಂದ ತಿಳಿಯುತ್ತೇವೆ. ಆ ಹಿಸ್ಸೋಪು ಯಾವದೆಂಬದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಸ್ವೀಡನ್ ದೇಶದ ಹಸ್ಸೆಲ್‌ಕ್ವಿಸ್ಟನೆಂಬವನು, ಯೆರೂಸಲೇಮಿನ ಗೋಡೆಗಳಲ್ಲಿ ತಾನು ಕಂಡ ಅತಿ ಸಣ್ಣ ಹಾವಸೆಯೇ ಅದಾಗಿರಬಹುದೆಂದು ನೆನಸಿದನು. ಅವನು 1752ರಲ್ಲಿ ತೀರಿಹೋದನು. ಅವನ ಪ್ರಯಾಣದ ಪುಸ್ತಕವು 1757ರಲ್ಲಿ ಅಚ್ಚಾಯಿತು. ಅನೇಕರು ಇದನ್ನು ಒಪ್ಪುವದಿಲ್ಲ. ನಮಗಾದರೋ ಈ ಎಣಿಕೆ ಹಿತವಾಗಿ ತೋರುತ್ತದೆ.

ಹಾವಸೆಯೆಂದರೆ ಇಲ್ಲಿ ಕೆರೆಯ ಜಾರುವ ಪಾಚಿಯಲ್ಲ, ಕಲ್ಲಿನ ಮೇಲೆ ಮಖಮಲ್ಲಿನಂತೆ ಹಬ್ಬುವ ಪುಟ್ಟ ಎಲೆಗಳ ಹಸುರು. 1882ರಲ್ಲಿ ಬೇಸಾಯಗಾರರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಈಗ ಕಂಪೆನಿಗಳ ಬೇಲಿಯುದ್ದಕ್ಕೂ ಕಾಗದದ ಹೂವಿನ ಬಳ್ಳಿಯು ಕೆಂಪಾಗಿ ಮೆರೆಯುತ್ತದೆ. ನಾವು ಹೂವೆನ್ನುವ ಆ ಬಣ್ಣವೆಲ್ಲಾ ಎಲೆಯೇ. ನಿಜವಾದ ಹೂವು ನಡುವೆ ಬೆಳ್ಳಗೆ, ಕಿರಿದಾಗಿ ಉಂಟು. ಆದರೂ ಹೂವನ್ನು ಹೀನೈಸುವದು ಸಲ್ಲದು, ಯಾಕಂದರೆ ಕರ್ತನು ತಾನೇ ಅಡವಿಯ ಹೂವನ್ನು ಸೊಲೊಮೋನನ ವೈಭವಕ್ಕಿಂತ ಮೇಲೆ ಇಟ್ಟನು.

ಬಳ್ಳಿಗೆ ಬೇರು ಆಳವಾಗಿದೆ, ಎಲೆಗೆ ಮೇಣದಂಥ ತೊಗಲಿದೆ. ದೂಳನ್ನೂ ಬಿಸಿಲನ್ನೂ ತಾಳುತ್ತದೆ. ಹಾವಸೆಗೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಮೇಲಿನಿಂದ ಬಿದ್ದದ್ದನ್ನು ಮೈಯೆಲ್ಲಾ ಕುಡಿಯುತ್ತದೆ. ಬೇಸಿಗೆಯಲ್ಲಿ ಸತ್ತಂತೆ ಒಣಗಿದ್ದರೂ ಮಳೆ ಹನಿದ ಸ್ವಲ್ಪ ಹೊತ್ತಿಗೇ ಹಸುರಾಗುವದುಂಟು. ಆದರೆ ಗಾಳಿಯ ವಿಷವನ್ನೂ ಅದು ಹಾಗೆಯೇ ಕುಡಿಯುತ್ತದೆ. ಆದದರಿಂದ ಹೊಗೆಯ ಊರುಗಳಲ್ಲಿ ಅನೇಕ ಜಾತಿಯ ಹಾವಸೆಗಳು ಅಪರೂಪವಾಗುತ್ತವೆ, ಶಾಸ್ತ್ರಜ್ಞರು ಅವುಗಳಿಂದಲೇ ಗಾಳಿಯನ್ನು ಪರೀಕ್ಷಿಸುತ್ತಾರೆ. ಬೇಲಿ ಅರಳಿರುವಾಗಲೇ ಗೋಡೆ ಬೋಳಾಗಬಹುದು.

ಸಭೆಯಲ್ಲಿಯೂ ಹೀಗೆಯೇ. ಬೆಳೆಹಬ್ಬದ ದಿನ ದೊಡ್ಡ ಕಾಣಿಕೆ ತಂದವರಿಗೆ ಹಾರ ಹಾಕುತ್ತೇವೆ. ಹಾಕಬಾರದೆಂದು ನಾವು ಹೇಳುವದಿಲ್ಲ. ಆದರೆ ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಿಂದಿನ ಚಾಪೆಯಲ್ಲಿ ಕೂತುಕೊಳ್ಳುತ್ತಿದ್ದ ಹುಡುಗನು ಎಲ್ಲಿ? ಪರರ ಮನೆಯಲ್ಲಿ ಪಾತ್ರೆ ತೊಳೆಯುವ ವಿಧವೆ ಎಲ್ಲಿ? ಒಂದು ಕಠಿಣವಾದ ಮಾತು, ಒಂದು ಜಾತಿಯ ಪಿಸುಮಾತು ನಮ್ಮೊಳಗೆ ಸುಳಿದರೆ ಬೇರೂರಿದವರು ತಡೆದುಕೊಳ್ಳುವರು. ಇವರು ಸದ್ದಿಲ್ಲದೆ ಬಾಡುವರು. ಬಲಹೀನವಾಗಿ ತೋರುವ ಅಂಗಗಳೇ ದೇಹಕ್ಕೆ ಅಗತ್ಯವೆಂದು ಪೌಲನು ಕೊರಿಂಥದವರಿಗೆ ಕಲಿಸಿದ್ದು (1 ಕೊರಿಂಥ 12) ಬರೀ ಸಮಾಧಾನದ ಮಾತಲ್ಲ. ಅವರು ಬಾರದಿರುವದು ನಮ್ಮ ಗಾಳಿಯ ಪರೀಕ್ಷೆ.

ಮೂರು ಭಾನುವಾರಗಳಿಂದ ಕಾಣದವರ ಹೆಸರುಗಳನ್ನು ಹಿರಿಯರು ಬರೆದುಕೊಳ್ಳಲಿ. ಬರುವ ಶನಿವಾರ ದೀಪ ಹಚ್ಚುವ ಹೊತ್ತಿಗೆ ಇಬ್ಬಿಬ್ಬರಾಗಿ ಅವರ ಮನೆಗಳಿಗೆ ಹೋಗೋಣ. ಕಾಣಿಕೆಯ ಮಾತನ್ನು ಅಲ್ಲಿ ಎತ್ತುವದು ಬೇಡ.