ಹಡಗೋ ಪಾರ್ಕೋ ಎಂದು ಕೇಳುವ ಮೊದಲು

ಪಾಸ್ಕ ಹಬ್ಬದ ಹೊತ್ತಿಗೆ ಮಕ್ಕಳ ಪರೀಕ್ಷೆಗಳೂ ಮುಗಿಯುತ್ತಾ ಬಂದಿರುತ್ತವೆ. ಆಗ ನಮ್ಮ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ: ಈ ಸಲ ರಜೆಗೆ ಎಲ್ಲಿಗೆ? ನಾವು ಚಿಕ್ಕವರಿದ್ದಾಗ ಇದು ಪ್ರಶ್ನೆಯೇ ಆಗಿರಲಿಲ್ಲ. ಅಜ್ಜಿಯ ಊರಿಗೆ ಹೋಗುತ್ತಿದ್ದೆವು, ಹರಕೆಯಿದ್ದರೆ ವೇಳಾಂಗಣಿಗೆ. ಇಂದಿನ ಮಕ್ಕಳ ಮುಂದೆ ದಾರಿಗಳು ಹಲವು. ದಾರಿಗಳು ಹೆಚ್ಚಾದಂತೆ ಆರಿಸುವವರ ಹೊಣೆಯೂ ಹೆಚ್ಚಾಗುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಈ ಪ್ರಶ್ನೆ ಬಂದು ಕೂತಿತು. ಹತ್ತನೇ ತರಗತಿ ಮುಗಿಸಿದ್ದ ಮಗಳಿಗೆ ಹಡಗಿನ ಆಸೆ. 2021ರಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ವಿಹಾರದ ಹಡಗು ಹೊರಡಲು ಶುರುವಾದ ಮೇಲೆ ಅವಳ ಗೆಳತಿಯರ ಬಾಯಲ್ಲೆಲ್ಲ ಅದೇ ಮಾತು. ಐದನೇ ತರಗತಿಯ ಮಗನಿಗೋ ಬಿಡದಿಯ ಬಳಿ 2005ರಿಂದ ನಡೆಯುತ್ತಿರುವ ವಂಡರ್‌ಲಾ ಬೇಕು. ಒಂದು ದಿನವಲ್ಲ, ಅಲ್ಲೇ ಉಳಿದು ಎರಡು ದಿನ ಆಡಬೇಕು. ವಾದ ಜೋರಾಯಿತು. ನಮ್ಮ ಯಜಮಾನರು ಕಾಗದ, ಪೆನ್ನು ತೆಗೆದುಕೊಂಡು, "ನಾಲ್ಕು ಜನಕ್ಕೆ ಎರಡಕ್ಕೂ ಎಷ್ಟೆಷ್ಟಾಗುತ್ತೆ, ನೋಡೋಣ" ಎಂದು ಲೆಕ್ಕಕ್ಕೆ ಕೂತರು.

ನಮ್ಮ ಮನೆಯಲ್ಲಿರುವುದು ಐದು ಜನ.

ಅದನ್ನು ಗಮನಿಸಿದವರು ಒಬ್ಬರೇ. ತಟ್ಟೆಯಿಂದ ತಲೆಯೆತ್ತದೆ ನಮ್ಮ ಅತ್ತೆಯವರು ಹೇಳಿದರು: "ಹೋಗಿ ಬನ್ನಿ. ನಾನು ಮನೆ ನೋಡ್ಕೊಂಡಿರ್ತೀನಿ. ಈ ಮಂಡಿ ಇಟ್ಕೊಂಡು ನಾನೆಲ್ಲಿಗೆ ಬರಲಿ?"

ಆ ಮಾತು ಕೇಳಿದಾಗ ನನ್ನ ಮನಸ್ಸಿಗೆ ಆದದ್ದು ಬೇಸರವಲ್ಲ, ಸಮಾಧಾನ. ಒಂದು ತೊಡಕು ತಾನಾಗಿಯೇ ಬಗೆಹರಿಯಿತಲ್ಲ ಎಂಬ ಸಮಾಧಾನ. ಈ ಲೇಖನ ಬರೆಯಲು ಕಾರಣ ಆ ಸಮಾಧಾನವೇ.

ಐದು ರಹಸ್ಯ, ಐದು ಜನ

ಮರುದಿನ ಸೋಮವಾರ. ಸಂಜೆಯ ಜಪಸರದಲ್ಲಿ ಸಂತೋಷದ ರಹಸ್ಯಗಳು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ರಹಸ್ಯವನ್ನು ನಡೆಸುವುದು ವಾಡಿಕೆ. ಐದನೆಯದು ಯಾವಾಗಲೂ ಅತ್ತೆಯವರದು: ಬಾಲಯೇಸು ದೇವಾಲಯದಲ್ಲಿ ಸಿಕ್ಕಿದ್ದು. ಅವರು ಪ್ರಾರ್ಥಿಸತೊಡಗಿದಾಗ ನನಗೆ ಚುರುಕ್ಕೆಂದಿತು. ಜಪಸರಕ್ಕೆ ನಾವು ಐವರು; ರಜೆಗೆ ಮಾತ್ರ ನಾಲ್ವರು!

ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯದ ಆ ಘಟನೆ ನಮಗೆಲ್ಲ ಗೊತ್ತು. ಅದೂ ಒಂದು ಕುಟುಂಬದ ಪ್ರಯಾಣವೇ. ಪ್ರತಿವರ್ಷದಂತೆ ಪಾಸ್ಕಕ್ಕಾಗಿ ಜೆರುಸಲೇಮಿಗೆ ಹೋಗಿ ಹಿಂದಿರುಗುವಾಗ ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಮಗ ಬಂಧುಬಳಗದ ಗುಂಪಿನಲ್ಲಿ ಎಲ್ಲೋ ಇದ್ದಾನೆ ಎಂದುಕೊಂಡಿದ್ದರು. ಅವರು ಅಲಕ್ಷ್ಯದ ತಂದೆತಾಯಿಯರಲ್ಲ. ಲೋಕದಲ್ಲಿ ಅವರಿಗಿಂತ ಪ್ರೀತಿಯ ಕುಟುಂಬ ಇನ್ನೊಂದಿಲ್ಲ. ಆದರೂ "ಎಂದುಕೊಂಡರು". ಅಷ್ಟೇ ಸಾಕಾಯಿತು.

ನಾವೂ ಎಂದುಕೊಂಡೆವು: ಅಜ್ಜಿ ಬರುವುದಿಲ್ಲ, ಅಜ್ಜಿಗೆ ಆಗುವುದಿಲ್ಲ, ಅಜ್ಜಿಗೆ ಇಷ್ಟವಿರುವುದಿಲ್ಲ. ಕೇಳಿರಲಿಲ್ಲ. ಮನೆಯಲ್ಲಿ ಯಾರನ್ನಾದರೂ ಹಿಂದೆ ಬಿಡಲು ದ್ವೇಷ ಬೇಕಾಗಿಲ್ಲ, ಒಂದು ಊಹೆ ಸಾಕು. ಆ ಪವಿತ್ರ ಕುಟುಂಬದಿಂದ ನಾವು ಕಲಿಯಬೇಕಾದದ್ದು ಅವರು ಮರೆತದ್ದನ್ನಲ್ಲ. ತಿಳಿದ ಕೂಡಲೆ ನಡೆದ ದಾರಿಯನ್ನೆಲ್ಲ ಹಿಂದಕ್ಕೆ ನಡೆದದ್ದನ್ನು.

ಬೆಂಚಿನ ಮೇಲೆ ಕೂತವರು

ಆಟದ ಪಾರ್ಕಿನ ಕತೆ ಒಂದು ಬೆಂಚಿನಿಂದ ಶುರುವಾಯಿತಂತೆ. ವಾಲ್ಟ್ ಡಿಸ್ನಿಯವರು ತಮ್ಮ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಉದ್ಯಾನವೊಂದಕ್ಕೆ ಕರೆದೊಯ್ದು, ಅವರು ತಿರುಗುವ ಕುದುರೆಗಳ ಮೇಲೆ ಆಡುತ್ತಿರುವಾಗ ತಾವು ಬೆಂಚಿನ ಮೇಲೆ ಕೂತಿರುತ್ತಿದ್ದರು. ಹೆತ್ತವರೂ ಮಕ್ಕಳೂ ಒಟ್ಟಿಗೆ ನಲಿಯುವ ಜಾಗ ಏಕಿರಬಾರದು ಎಂಬ ಯೋಚನೆ ಆಗ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಆದರೂ ಇಂದು ಯಾವುದೇ ಪಾರ್ಕಿಗೆ ಹೋಗಿ ನೋಡಿ: ಚೀಲ, ಚಪ್ಪಲಿ, ನೀರಿನ ಬಾಟಲಿಗಳನ್ನು ಕಾಯುತ್ತಾ ಬೆಂಚಿನ ಮೇಲೆ ಒಬ್ಬರು ಕೂತೇ ಇರುತ್ತಾರೆ. ಸಾಮಾನ್ಯವಾಗಿ ಅದು ಅಜ್ಜಿ, ಇಲ್ಲವೇ ತಾಯಿ.

ವಿಹಾರದ ಹಡಗಿನ ಕತೆ ಬೇರೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕರು ಕಡಿಮೆ. ಆಗ ಹಡಗು ಸುಮ್ಮನೆ ನಿಲ್ಲಬಾರದೆಂದು 1891ರ ಜನವರಿಯಲ್ಲಿ ಜರ್ಮನಿಯ ಆಗಸ್ಟಾ ವಿಕ್ಟೋರಿಯಾ ಹಡಗು ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರ ಹೊರಟಿತು. ಅದೇ ವರ್ಷದ ಮೇ 15ರಂದು ಪೋಪ್ ಹದಿಮೂರನೇ ಲಿಯೋ ಅವರು ದುಡಿಯುವವರ ಬಗ್ಗೆ 'ರೇರುಂ ನೋವಾರುಂ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ದುಡಿಯುವವನಿಗೆ ವಿಶ್ರಾಂತಿ ಬೇಕು, ಭಾನುವಾರ ದೇವರಿಗಾಗಿ ಬಿಡುವು ಬೇಕು ಎಂದು ಅದರಲ್ಲಿ ಒತ್ತಿ ಹೇಳಿದರು. ಒಂದೇ ವರ್ಷದಲ್ಲಿ ಒಂದು ಹಡಗು ಉಳ್ಳವರಿಗೆ ವಿಶ್ರಾಂತಿಯನ್ನು ಮಾರತೊಡಗಿತು. ಒಂದು ಪತ್ರ ಆ ವಿಶ್ರಾಂತಿ ಎಲ್ಲರಿಗೂ ಸಿಗುತ್ತಿದೆಯೇ ಎಂದು ಕೇಳಿತು. ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಮೂರನೆಯ ಆಜ್ಞೆಯ ಪಟ್ಟಿ

ದೇವರ ದಶಾಜ್ಞೆಗಳಲ್ಲಿ ಮೂರನೆಯದು ಪ್ರಭುವಿನ ದಿನವನ್ನು ಪವಿತ್ರವಾಗಿ ಆಚರಿಸಬೇಕೆನ್ನುತ್ತದೆ. ಬೈಬಲ್ಲಿನಲ್ಲಿ ಆ ಆಜ್ಞೆಯನ್ನು ಪೂರ್ತಿಯಾಗಿ ಓದಿದರೆ ಅಲ್ಲೊಂದು ಪಟ್ಟಿಯಿದೆ. ನೀನೊಬ್ಬನೇ ವಿಶ್ರಮಿಸಿದರೆ ಸಾಲದು. ಮಗ, ಮಗಳು, ಆಳು, ದಾಸಿ, ದನಕರು, ಮನೆಯಲ್ಲಿರುವ ಪರದೇಶಿ, ಎಲ್ಲರಿಗೂ ಬಿಡುವಿರಬೇಕು. ಧರ್ಮೋಪದೇಶಕಾಂಡ ಅದಕ್ಕೆ ಕಾರಣವನ್ನೂ ನೀಡುತ್ತದೆ: ನೀನೂ ಈಜಿಪ್ಟಿನಲ್ಲಿ ಬಿಡುವಿಲ್ಲದೆ ದುಡಿದ ದಾಸನಾಗಿದ್ದೆ. ಈ ಆಜ್ಞೆ ಮುಗಿದ ಬೆನ್ನಿಗೇ ನಾಲ್ಕನೆಯದು: ತಂದೆತಾಯಿಯರನ್ನು ಗೌರವಿಸು. ವಿಶ್ರಾಂತಿಯ ಪಕ್ಕದಲ್ಲೇ ವೃದ್ಧ ತಂದೆತಾಯಿ! ನಮ್ಮ ರಜೆಯ ಲೆಕ್ಕದಲ್ಲಿ ಇವೆರಡು ಆಜ್ಞೆಗಳು ಬಿಡಿಬಿಡಿಯಾಗಿದ್ದವು.

ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರ ಮಗ ವಿಹಾರದ ಹಡಗಿನಲ್ಲಿ ಕೋಣೆಗಳನ್ನು ಅಚ್ಚುಕಟ್ಟು ಮಾಡುವ ಕೆಲಸದಲ್ಲಿದ್ದಾನೆ. ಮಂಗಳೂರು, ಗೋವಾ ಕಡೆಯ ಎಷ್ಟೋ ಕಥೋಲಿಕ ಮನೆಗಳಲ್ಲಿ ಇಂತಹ ಮಕ್ಕಳಿದ್ದಾರೆ. ಅವರ ದುಡಿಮೆಯಿಂದ ಮನೆಗಳು ಎದ್ದಿವೆ, ತಂಗಿಯರ ಓದು, ಮದುವೆ ನಡೆದಿವೆ. ಆ ತಾಯಿಯೊಡನೆ ಮಗಳ ಆಸೆಯನ್ನು ಹೇಳಿದಾಗ ಅವರು ನಕ್ಕು, "ನನ್ನ ಮಗ ಎಷ್ಟೋ ಬಂದರು ನೋಡಿದಾನೆ. ಭಾನುವಾರ ಮಾತ್ರ ನೋಡಿಲ್ಲ" ಎಂದರು. ನಾವಿಕರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಒಳ್ಳೆಯದೇ. ಆದರೆ ನಿಯಮ ಗಂಟೆಗಳನ್ನು ಎಣಿಸಬಲ್ಲದು. ಮನೆಯವರೊಡನೆ ಪೂಜೆಗೆ ಹೋಗಿ ಬಂದು ಒಟ್ಟಿಗೆ ಉಣ್ಣುವ ಒಂದು ಭಾನುವಾರವನ್ನು ಕೊಡಲಾರದು.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ತಡೆದದ್ದು ಅನೇಕರಿಗೆ ನೆನಪಿರಬಹುದು. ಅದರಲ್ಲಿ 3,711 ಜನರಿದ್ದರು. ಭಾರತೀಯ ಸಿಬ್ಬಂದಿಯೇ 132 ಮಂದಿ. ಸೋಂಕು ತಗಲದಿರಲೆಂದು ಪ್ರಯಾಣಿಕರನ್ನು ಕೋಣೆಗಳಲ್ಲಿ ಇರಿಸಿದರು. ಆ ಕೋಣೆಗಳ ಬಾಗಿಲಿಗೆ ಊಟ ತಲುಪಿಸಿದವರು ಸಿಬ್ಬಂದಿ. ಅವರಿಗೂ ಮನೆಯಲ್ಲಿ ಕಾಯುವ ತಾಯಂದಿರಿದ್ದರು.

ಹಾಗಾದರೆ ಹಡಗಿನಲ್ಲಿ ಹೋಗುವುದು ಪಾಪವೇ? ಖಂಡಿತ ಅಲ್ಲ. ನಾವು ಹೋಗದಿದ್ದರೆ ಆ ಮಕ್ಕಳ ಅನ್ನವೂ ಹೋಗುತ್ತದೆ. ಪಾರ್ಕಿನಲ್ಲೂ ಅಷ್ಟೇ. ನಾವು ನೀರಿನಲ್ಲಿ ಆಡುವಾಗ ಬಿಸಿಲಿನಲ್ಲಿ ಸೀಟಿ ಹಿಡಿದು ನಮ್ಮ ಮಕ್ಕಳ ಪ್ರಾಣ ಕಾಯುವ ಯುವಕನಿಗೆ ರಜಾದಿನವೇ ಹೆಚ್ಚು ಕೆಲಸದ ದಿನ. ಕೆಲವರ ಬಿಡುವಿಗಾಗಿ ಇನ್ನು ಕೆಲವರು ದುಡಿಯಬೇಕಾಗುತ್ತದೆ ಎಂಬುದನ್ನು ಧರ್ಮಸಭೆಯೂ ಬಲ್ಲದು. ಆದರೆ ಪ್ರಭುವಿನ ದಿನದಂದು ಅನಗತ್ಯವಾದ ಕೆಲಸವನ್ನು ಇತರರ ಮೇಲೆ ಹೇರಬೇಡಿ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ನಮ್ಮನ್ನು ಎಚ್ಚರಿಸುತ್ತದೆ. ಭಾನುವಾರ ಬಿಟ್ಟು ಬೇರೆ ದಿನ ಹೋಗಬಹುದು. ಸೇವೆ ಮಾಡುವವರ ಹೆಸರು ಕೇಳಿ ಮಾತಾಡಿಸಬಹುದು. ದುಡ್ಡು ಕೊಟ್ಟಿದ್ದೇವೆಂದು ಗದರದೆ ಇರಬಹುದು. ಮಕ್ಕಳು ಇವನ್ನೆಲ್ಲ ನಮ್ಮ ಉಪದೇಶದಿಂದ ಕಲಿಯುವುದಿಲ್ಲ, ನಮ್ಮನ್ನು ನೋಡಿ ಕಲಿಯುತ್ತಾರೆ.

ಕೇಳಿದಾಗ ಸಿಕ್ಕ ಉತ್ತರ

ಮಂಗಳವಾರ ಬೆಳಿಗ್ಗೆ ಹುರುಳಿಕಾಯಿ ಬಿಡಿಸುತ್ತಾ ಅತ್ತೆಯವರ ಪಕ್ಕ ಕೂತೆ. "ನೀವೂ ಬರ್ತೀರಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ "ಬೇಡ" ಎಂಬ ಉತ್ತರವನ್ನು ನಾವೇ ಕೈಗೆ ಕೊಟ್ಟಂತೆ. "ಅತ್ತೆ, ನಿಮಗೆ ಎಲ್ಲಿಗೆ ಹೋಗಬೇಕು ಅನ್ಸುತ್ತೆ?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನನ್ನ ಹಂಗೆ ಯಾರೂ ಕೇಳಿರಲಿಲ್ಲ ಕಣಮ್ಮ" ಎಂದರು. ಆಮೇಲೆ ಮೆಲ್ಲಗೆ, "ಆ ಹಡಗಲ್ಲಿ ಮೆಟ್ಟಿಲು ಹತ್ತಲೇಬೇಕಾ, ಲಿಫ್ಟ್ ಇರುತ್ತಾ?" ಎಂದು ಕೇಳಿದರು.

ಮಂಡಿನೋವಿನವರಿಗೆ ಪಾರ್ಕಿಗಿಂತ ಹಡಗೇ ಅನುಕೂಲವೆಂದು ನಮಗೆ ಹೊಳೆದಿರಲಿಲ್ಲ. ಒಮ್ಮೆ ಹತ್ತಿದರೆ ಲಿಫ್ಟ್ ಇರುತ್ತದೆ. ಕೂತಲ್ಲಿಂದಲೇ ಸಮುದ್ರ ಕಾಣುತ್ತದೆ. ಊಟ ಒಂದೇ ಮೇಜಿನಲ್ಲಿ. ಅವರು ಅದನ್ನೆಲ್ಲ ಮನಸ್ಸಿನಲ್ಲೇ ಯೋಚಿಸಿಟ್ಟಿದ್ದರು.

ಆದರೆ ಹಣ? ಕೂಡಿಟ್ಟದ್ದು ಹಡಗಿನಲ್ಲಿ ನಾಲ್ವರಿಗೆ ಕಷ್ಟಪಟ್ಟು ಸಾಕಾಗುತ್ತಿತ್ತು. ಐವರಿಗಾದರೆ ಸಾಲ ಮಾಡಬೇಕು. "ಕಂತಿನಲ್ಲಿ ಕಟ್ಟಿದರಾಯ್ತು" ಎಂದರು ಯಜಮಾನರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ್ದು ನನ್ನ ನೆನಪಿಗೆ ಬಂತು. ಮೂರು ದಿನದ ಸಂತೋಷಕ್ಕೆ ವರ್ಷವಿಡೀ ಕಂತು ಕಟ್ಟುತ್ತಾ ಮನೆಯಲ್ಲಿ ಸಿಡಿಮಿಡಿಗೊಂಡರೆ ಅದು ವಿಶ್ರಾಂತಿಯಲ್ಲ. ಕೊನೆಗೆ ಐವರೂ ಕೂತು ಮಾತಾಡಿದೆವು. ಈ ವರ್ಷ ಒಂದು ದಿನ ಪಾರ್ಕು, ಐದು ಜನವೂ. ಐವರಿಗೆ ಸಾಕಾಗುವಷ್ಟು ಹಣ ಕೂಡಿದಾಗ ಹಡಗು.

ಮಗಳು ಅತ್ತಳು. ಮುಂದೆ ಎರಡು ವರ್ಷ ಪಿಯುಸಿ. ಅವಳಿಗೆ ಬಿಡುವಿದ್ದ ಬೇಸಿಗೆ ಇದೊಂದೇ. ಅವಳ ಕಣ್ಣೀರು ಸುಳ್ಳಲ್ಲ. ಅವಳಿಗೆ ಅನ್ಯಾಯ ಮಾಡಿದೆವೇನೋ ಎಂದು ಇಂದಿಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಸರಿಯಾದ ಆಯ್ಕೆ ಎಂದರೆ ಯಾರಿಗೂ ನೋವಾಗದ ಆಯ್ಕೆ ಎಂದು ನಾವು ತಿಳಿಯಬಾರದು. ಆದರೆ ಒಂದು ವ್ಯತ್ಯಾಸವಿದೆ. ಮಗಳು ಲೆಕ್ಕದ ಒಳಗಿದ್ದು ನೊಂದಳು, ತನ್ನ ಮಾತನ್ನು ಹೇಳಿ ನೊಂದಳು. ಅಜ್ಜಿ ಲೆಕ್ಕದ ಹೊರಗಿದ್ದು, ಮಾತಾಡದೆ ನೊಂದಿದ್ದರು.

ವಾರದ ನಡುವೆ ಒಂದು ದಿನ ಪಾರ್ಕಿಗೆ ಹೋದೆವು. ಅಲ್ಲಿಯೂ ಅತ್ತೆಯವರು ಹೆಚ್ಚು ಹೊತ್ತು ಕೂತದ್ದು ಬೆಂಚಿನ ಮೇಲೆಯೇ. ಆದರೆ ಒಬ್ಬರೇ ಅಲ್ಲ. ಅರ್ಧರ್ಧ ಗಂಟೆಗೆ ಒಬ್ಬೊಬ್ಬರು ಅವರ ಪಕ್ಕ ಕೂರಬೇಕೆಂದು ಮೊದಲೇ ಮಾತಾಗಿತ್ತು. ಮುಖ ಊದಿಸಿಕೊಂಡೇ ಹೋಗಿ ಕೂತ ಮಗಳು, ತನ್ನ ಅರ್ಧ ಗಂಟೆ ಮುಗಿದರೂ ಏಳಲಿಲ್ಲ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ಹೊರಡುವ ಮೊದಲು

ನಿಜವಾಗಿಯೂ ಬರಲು ಮನಸ್ಸಿಲ್ಲದ ಹಿರಿಯರೂ ಇರುತ್ತಾರೆ. ಅವರನ್ನು ಎಳೆದೊಯ್ಯುವುದು ಪ್ರೀತಿಯಲ್ಲ. ಅವರ "ಬೇಡ" ಎಂಬುದನ್ನೂ ಗೌರವಿಸಬೇಕು. ಆಗ ಅವರನ್ನು ಬರೀ ಮನೆಗಾವಲಿಗೆ ಬಿಡದೆ, ಆ ದಿನಗಳಲ್ಲಿ ಜೊತೆಗೆ ಯಾರಾದರೂ ಇರುವಂತೆ ಏರ್ಪಾಡು ಮಾಡೋಣ. ಆದರೆ ಅದು ಮನಸ್ಸಿನಿಂದ ಬಂದ "ಬೇಡ"ವೋ, ನಮ್ಮ ಜೇಬು ನೋಡಿ ಬಂದ "ಬೇಡ"ವೋ ಎಂದು ತಿಳಿಯಲು ಒಂದೇ ದಾರಿ: ದರದ ಮಾತು ಏಳುವ ಮೊದಲೇ ಅವರನ್ನು ಕೇಳುವುದು.

ಧರ್ಮಸಭೆ ಜುಲೈ ತಿಂಗಳ ಎರಡನೇ ಭಾನುವಾರ ಸಮುದ್ರದಲ್ಲಿ ದುಡಿಯುವವರಿಗಾಗಿ ಪ್ರಾರ್ಥಿಸುತ್ತದೆ. ಅದೇ ತಿಂಗಳ ನಾಲ್ಕನೇ ಭಾನುವಾರವನ್ನು ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಅಜ್ಜ ಅಜ್ಜಿಯರಿಗಾಗಿ, ವೃದ್ಧರಿಗಾಗಿ ಮೀಸಲಿಟ್ಟರು. ಬೇಸಿಗೆಯ ರಜೆ ಕಳೆದು ಮಕ್ಕಳು ಶಾಲೆಗೆ ಹಿಂದಿರುಗಿದ ಮೇಲೆ ಬರುವ ಈ ಎರಡು ಭಾನುವಾರಗಳು, ನಮ್ಮ ರಜೆಯನ್ನು ಕುರಿತು ಆತ್ಮಶೋಧನೆ ಮಾಡಿಕೊಳ್ಳಲು ಒಳ್ಳೆಯ ದಿನಗಳು. ನಮ್ಮ ವಿಶ್ರಾಂತಿಗಾಗಿ ದುಡಿದವರನ್ನು ನೆನೆದೆವೇ? ನಮ್ಮ ವಿಶ್ರಾಂತಿಯಲ್ಲಿ ಮನೆಯ ಎಲ್ಲರಿಗೂ ಪಾಲು ಸಿಕ್ಕಿತೇ?

ಹಡಗಾದರೂ ಆಗಲಿ, ಪಾರ್ಕಾದರೂ ಆಗಲಿ, ಅಜ್ಜಿಯ ಊರಾದರೂ ಆಗಲಿ, ದೇವರು ಕೊಟ್ಟ ಬಿಡುವನ್ನು ಸಂತೋಷದಿಂದ ಅನುಭವಿಸೋಣ. ಕಾಗದದ ಮೇಲೆ ದರ ಬರೆಯುವ ಮೊದಲು ಮನೆಯವರ ಹೆಸರುಗಳನ್ನು ಬರೆಯೋಣ. ನಮ್ಮ ಮನೆಯಲ್ಲಿ ಈಗ ಹಡಗಿನ ಡಬ್ಬಿಯೊಂದು ದೇವರ ಪಟದ ಕೆಳಗಿದೆ. ತಿಂಗಳ ಮೊದಲ ವಾರ ಅದರಲ್ಲಿ ಎಲ್ಲರೂ ಒಂದಿಷ್ಟು ಹಾಕುತ್ತೇವೆ. ತಮ್ಮ ಪಿಂಚಣಿಯಿಂದ ಮೊದಲು ಹಾಕುವವರು ಅತ್ತೆಯವರು.