ಬಾಲ ಆಡಿಸಿದರೆ ಒಪ್ಪಿಗೆಯೇ?

ಏಪ್ರಿಲ್ ಬಂತೆಂದರೆ ಪುಣೆಯ ವೇತಾಳ ಟೇಕಡಿಯ ಮೇಲೆ ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟತೊಡಗುತ್ತದೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಭಾನುವಾರ ತಡವಾಗಿ ಎದ್ದವರು ನಾಯಿ ಹಿಡಿದುಕೊಂಡು ಹತ್ತುವುದೂ ಆಗಲೇ. ನಾಲಿಗೆ ಇಷ್ಟುದ್ದ ಹೊರಗೆ ಬಿಟ್ಟು ಏದುಸಿರು ಬಿಡುತ್ತಿರುವ ಲ್ಯಾಬ್ರಡಾರ್ ಕಂಡು 'ಪಾಪ, ಸುಸ್ತಾಗಿದೆಯಲ್ಲ' ಎಂದು ನೋಡಿ. ಮರಾಠಿಯಲ್ಲೋ ಹಿಂದಿಯಲ್ಲೋ ನಮ್ಮ ಕನ್ನಡದಲ್ಲೋ, ಉತ್ತರ ಹೆಚ್ಚುಕಡಿಮೆ ಒಂದೇ: 'ಇಲ್ಲ ಇಲ್ಲ, ಅದಕ್ಕೆ ಬರೋದಂದ್ರೆ ಬಹಳ ಇಷ್ಟ. ಚೈನ್ ಕೈಗೆ ತಗೊಂಡ್ರೆ ಸಾಕು, ಕುಣಿಯುತ್ತೆ.'

ಈ ಉತ್ತರದಲ್ಲಿ ಸುಳ್ಳಿಲ್ಲ. ನಾಯಿಗೆ ಇಷ್ಟವೇ. ಆದರೆ ಇಷ್ಟ ಬೇರೆ, ಒಪ್ಪಿಗೆ ಬೇರೆ. ಒಪ್ಪಿಗೆ ಅನ್ನಬೇಕಾದರೆ ಮುಂದೆ ಏನು ಕಾದಿದೆ ಎಂಬುದು ಸ್ವಲ್ಪವಾದರೂ ಗೊತ್ತಿರಬೇಕು, 'ಬೇಡ' ಎನ್ನಲು ದಾರಿಯೂ ಇರಬೇಕು. ನಾಯಿಗೆ ಚೈನಿನ ಸದ್ದು ಗೊತ್ತು, ನಿಮ್ಮ ಶೂ ವಾಸನೆ ಗೊತ್ತು. ಹನ್ನೊಂದಕ್ಕೆ ಇಳಿಯುವಾಗ ಕಲ್ಲು ಎಷ್ಟು ಕಾದಿರುತ್ತದೆ ಎಂಬುದು ಗೊತ್ತಿಲ್ಲ. ಗೊತ್ತಾದ ಮೇಲೂ ಅದು ನಿಲ್ಲುವುದಿಲ್ಲ. ಎಸೆಯುತ್ತಲೇ ಇದ್ದರೆ ಕುಸಿಯುವವರೆಗೂ ಚೆಂಡು ತಂದುಕೊಡುವ ನಾಯಿಗಳಿವೆ. ಅಂಥ ಜೀವದ ಉತ್ಸಾಹವನ್ನೇ ಸಾಕ್ಷಿಯಾಗಿ ಹಿಡಿದು 'ಅದೇ ಕೇಳಿತು' ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಅದರ ಮೈ ನಮ್ಮ ಮೈಯ ಹಾಗಲ್ಲ. ಪಾದದ ಅಡಿಯಲ್ಲಿ ಒಂದಿಷ್ಟು ಬೆವರು ಬಿಟ್ಟರೆ ಉಳಿದದ್ದೆಲ್ಲ ಏದುಸಿರಿನ ಕೆಲಸ. ಬಾಯಿ, ನಾಲಿಗೆ, ಮೂಗಿನ ತೇವ ಆರಿದಷ್ಟೂ ಮೈ ತಣಿಯುತ್ತದೆ. ಆದ್ದರಿಂದ ಮುಂಬಯಿ, ಚೆನ್ನೈಯಲ್ಲಿರುವವರು ಫೋನಿನಲ್ಲಿ 33 ಡಿಗ್ರಿ ನೋಡಿ ನಿರಾಳವಾಗುವಂತಿಲ್ಲ. ಗಾಳಿಯೇ ಒದ್ದೆಯಾಗಿದ್ದರೆ ನಾಲಿಗೆ ಆರುವುದು ಹೇಗೆ? ಆರೋಗ್ಯವಾಗಿರುವ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಆಸುಪಾಸು. 41 ದಾಟಿತೆಂದರೆ ಮೆದುಳು, ಮೂತ್ರಪಿಂಡ, ಕರುಳಿಗೆಲ್ಲ ಅಪಾಯ. ಅಂದರೆ ನಡುವೆ ಇರುವುದು ಎರಡೇ ಡಿಗ್ರಿ. ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ಕಾಲು ತಡವರಿಸಿದರೆ ಕೂಡಲೇ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯಬೇಕು, ಗಾಳಿ ಆಡಿಸಬೇಕು. ಡಾಕ್ಟರ ಬಳಿಗೆ ಓಟ ಅದಾದ ಮೇಲೆ. ಒದ್ದೆ ಟವೆಲು ಹೊದಿಸಿ ಹಾಗೇ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ.

ಈ ಜಾತಿಯೊಳಗೂ ಕೆಲವರ ಪಾಡು ಇನ್ನೂ ಕಷ್ಟ. 2003ರ ಹಚ್ ಜಾಹೀರಾತು ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ: ಹುಡುಗ ಹೋದಲ್ಲೆಲ್ಲ ಹಿಂದೆಯೇ ಬರುವ ಪಗ್. ಆಮೇಲೆ ಊರೂರಲ್ಲೂ ಪಗ್ ಸಾಕುವ ಹುಚ್ಚು ಹಿಡಿಯಿತು. ಆ ಚಪ್ಪಟೆ ಮೂತಿಯಲ್ಲಿ ಉಸಿರಿನ ದಾರಿಯೇ ಇಕ್ಕಟ್ಟು. ಬಿಸಿಲಲ್ಲಿ ಯಾರ ಹಿಂದೆಯೂ ನಡೆಯಬಾರದ ನಾಯಿಯನ್ನೇ ಹಿಂದೆ ಬರುವುದರ ಗುರುತಾಗಿ ಮಾಡಿಕೊಂಡೆವು. (ದೆಹಲಿಯ ಫ್ಲ್ಯಾಟುಗಳಲ್ಲಿ ಸಾಕಿರುವ ಹಸ್ಕಿಗಳ ಮಾತು ಬೇಡ, ರಕ್ತದೊತ್ತಡ ಏರುತ್ತದೆ.)

ಹಿಂದೆ ಬರುವ ನಾಯಿ ಎಂದರೆ ಧರ್ಮರಾಯನ ನೆನಪೂ ಬರುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ನಮಗೆ ಈ ಕಥೆ ಬಂದದ್ದು ಹೆಚ್ಚಾಗಿ ಮನೆಯ ಹಿರಿಯರಿಂದಲೋ ಟೀವಿಯಿಂದಲೋ. ತಮ್ಮಂದಿರು, ಹೆಂಡತಿ ಎಲ್ಲ ದಾರಿಯಲ್ಲಿ ಬಿದ್ದ ಮೇಲೂ ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತು ಎಂದ ಇಂದ್ರನಿಗೆ ಅವನು ಆಗದು ಎನ್ನುತ್ತಾನೆ. 'ಬಿಟ್ಟು ಹೋಗಲ್ಲ' ಎನ್ನುವವರಿಗೆಲ್ಲ ಇದಕ್ಕಿಂತ ದೊಡ್ಡ ಆಧಾರ ಬೇಕೇ? ಆದರೆ ಅವನು ಉಳಿಸಿಕೊಂಡದ್ದು ಜೊತೆಯನ್ನಲ್ಲ, ತನ್ನನ್ನು ನಂಬಿ ಬಂದದ್ದರ ನಂಬಿಕೆಯನ್ನು. ಅವನ ಪಾಲಿಗೆ ಎರಡೂ ಒಂದೇ ಆಗಿದ್ದವು. ಮೇ ತಿಂಗಳ ಹೈದರಾಬಾದಿನಲ್ಲಿ ಅವು ಬೇರೆಬೇರೆ. ನಂಬಿಕೆ ಉಳಿಯಬೇಕಾದರೆ ಎಷ್ಟೋ ಸಲ ಜೊತೆಯನ್ನು ಬಿಡಬೇಕಾಗುತ್ತದೆ.

ಇಷ್ಟು ತಿಳಿದೂ ಯಾಕೆ ಕರೆದೊಯ್ಯುತ್ತೇವೆ? ನನ್ನ ಅನುಮಾನ ಹೇಳುತ್ತೇನೆ, ಕೋಪ ಬೇಡ. ಊರು ಬಿಟ್ಟು ಬಂದವರ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಊರಿನ ನಾಯಿಗಿದ್ದ ಜಗಲಿ, ಹಿತ್ತಲು, ಹೊಂಗೆಮರದ ನೆರಳಿನ ಒದ್ದೆ ಮಣ್ಣು ಯಾವುದೂ ಇಲ್ಲ. ಐದು ದಿನ ಎರಡು ಕೋಣೆಯಲ್ಲಿ ಕೂಡಿಹಾಕಿದ್ದಕ್ಕೆ ಆರನೆಯ ದಿನ ಲೋನಾವಳ ಎನ್ನುವುದು ಒಂದು ಪ್ರಾಯಶ್ಚಿತ್ತ. ನಮ್ಮ ಪ್ರಾಯಶ್ಚಿತ್ತಕ್ಕೆ ಅದು ಬಿಸಿಲಲ್ಲಿ ನಡೆಯಬೇಕು. ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದಾಗ 'ಐದೇ ನಿಮಿಷ' ಎಂದು ಕಾರಿನಲ್ಲಿ ಬಿಡುವುದೂ ಉಂಟು. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಗಾಜು ಎರಡು ಬೆರಳು ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಾಯಿ ಸುತ್ತಿಸಲು ಸಂಬಳಕ್ಕೆ ಇಟ್ಟುಕೊಂಡ ಹುಡುಗನಿಗೆ ನಾಲ್ಕು ಮನೆ ಇದ್ದರೆ ನಾಲ್ಕನೆಯ ನಾಯಿಯ ಸರದಿ ಹತ್ತು ಗಂಟೆಗೆ. ಅವನ ಕಾಲಲ್ಲಿ ಹವಾಯಿ ಚಪ್ಪಲಿಯಾದರೂ ಇರುತ್ತದೆ. ನಾಯಿಗೆ ಅದೂ ಇಲ್ಲ ಎಂದು ಮರುಗುವಾಗ ಹುಡುಗನ ತಲೆಯ ಮೇಲಿನ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಮಾಡಬೇಕಾದದ್ದು ಗುಟ್ಟೇನಲ್ಲ. ಡಾಂಬರಿನ ಮೇಲೆ ಕೈ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ಅದರ ಪಾದಕ್ಕೂ ಆಗದು. ಬೇಸಗೆಯಲ್ಲಿ ಸಂಜೆ ಏಳಕ್ಕೂ ಒಮ್ಮೆ ಮುಟ್ಟಿ ನೋಡಬೇಕು, ಡಾಂಬರು ತಣಿಯುವುದು ನಿಧಾನ. ಬೆಳಗ್ಗೆ ಐದೂವರೆಗೆ ಎದ್ದು ಒಂದು ಸುತ್ತು ತಿರುಗಿಸಿ, ಬಟ್ಟಲು ತುಂಬ ನೀರಿಟ್ಟು, ಫ್ಯಾನ್ ಹಾಕಿ, ಬಚ್ಚಲುಮನೆಯ ಬಾಗಿಲು ತೆರೆದಿಟ್ಟರೆ ಅಲ್ಲಿನ ತಣ್ಣನೆ ನೆಲದ ಮೇಲೆ ತಾನೇ ಹೋಗಿ ಮಲಗುತ್ತದೆ. ಮಧ್ಯಾಹ್ನ ಒಮ್ಮೆ ನೋಡಿಬರಲು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟಿರಬೇಕು.

ಇಷ್ಟೆಲ್ಲ ಮಾಡಿಟ್ಟು ಲೋನಾವಳಕ್ಕೆ ಹೊರಟಾಗ ಅದಕ್ಕೆ ಇದ್ಯಾವುದೂ ಅರ್ಥವಾಗಿರುವುದಿಲ್ಲ. ಬಾಗಿಲು ಹಾಕಿದರೆ ಒಳಗಿನಿಂದ ಕುಂಯ್‌ಗುಟ್ಟುತ್ತದೆ. ಲಿಫ್ಟ್ ಬರುವವರೆಗೂ ಕೇಳಿಸುತ್ತಿರುತ್ತದೆ.