ಮುನ್ನೂರೈವತ್ತು ಮೀಟರ್ ಆಚೆಯ ಹಡಗು

ಹಡಗಿನ ಮಾದರಿ ಕಟ್ಟುವ ಹವ್ಯಾಸಿಗಳ ಮೇಜಿನ ಮೇಲೆ ಒಂದು ಮೋಂಬತ್ತಿ ಕಂಡರೆ, ಅದು ಕರೆಂಟು ಹೋದಾಗ ಹಚ್ಚುವುದಕ್ಕಲ್ಲ. ಕಿಟ್ಟಿನ ಬಿಡಿಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಜ್ವಾಲೆಗೆ ತಾಗದಂತೆ ತುಸು ಮೇಲೆ ಹಿಡಿದು ತಿರುಗಿಸುತ್ತಾರೆ. ಮೆತ್ತಗಾದೊಡನೆ ಆಚೆ ತಂದು ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ರಭಸದಿಂದ ಎಳೆದರೆ ತೆಳು, ನಿಧಾನಿಸಿದರೆ ದಪ್ಪ. ಕೂವೆಮರದಿಂದ ಕೂವೆಮರಕ್ಕೆ ಕಟ್ಟುವ ತಂತಿ ಇದೇ. ಕಸಕ್ಕೆ ಹೋಗಬೇಕಾದ ಕಡ್ಡಿಯಿಂದ ಇಡೀ ಹಡಗಿನ ಅತಿ ನಾಜೂಕಿನ ಸಾಮಾನು!

1971ರಲ್ಲಿ ಜಪಾನಿನ ಶಿಜುವೋಕದ ಆಟಿಕೆ ಕಂಪನಿಗಳು ಒಂದಾಗಿ, ಎರಡನೇ ಮಹಾಯುದ್ಧದ ಹಡಗುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು 1:700 ಪ್ರಮಾಣದ ಕಿಟ್‌ಗಳನ್ನು ಹೊರತಂದವು. ನೀರಿನ ಮಟ್ಟದಿಂದ ಕೆಳಗಿನ ಒಡಲೇ ಅವುಗಳಿಗಿಲ್ಲ. ಎಲ್ಲಿಟ್ಟರೆ ಅಲ್ಲೇ ಸಮುದ್ರ. 263 ಮೀಟರ್ ಉದ್ದದ ಜಪಾನಿ ಯುದ್ಧನೌಕೆ ಯಮಾಟೊ ಈ ಲೆಕ್ಕದಲ್ಲಿ 38 ಸೆಂಟಿಮೀಟರಿಗೂ ಕಡಿಮೆ.

ಇನ್ನೊಂದು ಲೆಕ್ಕವೂ ಇದೆ. ಆ ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುವವನು ನಿಜವಾದ ಹಡಗನ್ನು 350 ಮೀಟರ್ ಆಚೆಯಿಂದ ನೋಡಿದಂತೆ. ಅಷ್ಟು ದೂರದಲ್ಲಿ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ನಡುವಿನ ಗಾಳಿ ಅದನ್ನು ಮಸುಕು ಮಾಡುತ್ತದೆ. ಹಾಗಾಗಿ ಪಳಗಿದವರು ಡಬ್ಬಿಯ ಬಣ್ಣವನ್ನು ಹಾಗೇ ಬಳಿಯದೆ ಒಂದಿಷ್ಟು ಬಿಳಿಯನ್ನೋ ಬೂದು ಬಣ್ಣವನ್ನೋ ಬೆರೆಸುತ್ತಾರೆ. ಅಸಲಿ ಹಡಗಿಗೆ ಹಚ್ಚಿದ್ದ ಬಣ್ಣವನ್ನೇ ತಂದು ಬಳಿದರೂ ಮಾದರಿ ಆಟಿಕೆಯಂತೆ ಕಾಣುತ್ತದೆ. ಇವರು ಕಟ್ಟುತ್ತಿರುವುದು ಹಡಗನ್ನಷ್ಟೇ ಅಲ್ಲ, ಅದಕ್ಕೂ ನಮಗೂ ನಡುವಿನ ದೂರವನ್ನು ಕೂಡ.

ಇದನ್ನು ಮರೆತಾಗಲೇ ಕೆಲಸ ಕೆಡುವುದು. ಆಮ್ಲದಲ್ಲಿ ಕೊರೆದ ಹಿತ್ತಾಳೆ ತಗಡಿನ ರೇಲಿಂಗು, ಏಣಿ, ಬಾಗಿಲುಗಳು ಈಗ ಸಿಗುತ್ತವೆ. ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದವನಿಗೆ ಒಂದನ್ನೂ ಬಿಡಲು ಮನಸ್ಸು ಬಾರದು. ಆದರೆ ಎರಡು ಸೆಂಟಿಮೀಟರ್ ದಪ್ಪದ ಕಂಬಿ 1:700ರಲ್ಲಿ 0.03 ಮಿಲಿಮೀಟರಿಗಿಂತ ಕಡಿಮೆ ಇರಬೇಕು, ತಲೆಗೂದಲಿನ ಅರ್ಧದಷ್ಟೂ ಇಲ್ಲ. ಅದಕ್ಕಿಂತ ದಪ್ಪದ್ದನ್ನು ಸುತ್ತಲೂ ಅಂಟಿಸಿದರೆ ಹಡಗಿಗೆ ಬೇಲಿ ಹಾಕಿದಂತಾಗುತ್ತದೆ. ಅಲ್ಲೆಲ್ಲ ಕೈಬಿಡುವುದೇ ಮೇಲು. ಶ್ರಮಪಟ್ಟು ಅಂಟಿಸಿದವರು ಈ ಮಾತನ್ನು ಒಪ್ಪಲಾರರು, ಬಿಡಿ.

ಯಮಾಟೊ ಹುಟ್ಟಿದ ಕುರೆ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಅದರದೇ 1:10 ಮಾದರಿಯಿದೆ, 26.3 ಮೀಟರ್ ಉದ್ದ. ಅಲ್ಲಿ ಬಿಟ್ಟುಬಿಡುವ ಸೌಲಭ್ಯವಿಲ್ಲ. ಮೂರು ಮೀಟರ್ ದೂರ ನಿಂತರೆ ನಿಜ ಹಡಗಿನಿಂದ ಮೂವತ್ತೇ ಮೀಟರ್. ಕಂಬಿ, ಕೊಕ್ಕೆ, ಕಿಂಡಿ ಎಲ್ಲವೂ ಇರಲೇಬೇಕು. ಆದರೆ ಯುದ್ಧ ಮುಗಿಯುವ ಹೊತ್ತಿಗೆ ಹಡಗಿನ ಬಹಳಷ್ಟು ದಾಖಲೆಗಳನ್ನು ನಾಶಮಾಡಲಾಗಿತ್ತು. ಉಳಿದ ನಕ್ಷೆ, ಫೋಟೊಗಳ ಜೊತೆಗೆ ಸಮುದ್ರದ ತಳದಲ್ಲಿ ಬಿದ್ದಿರುವ ಅವಶೇಷದ ಚಿತ್ರಗಳನ್ನೂ ನೋಡಿ ಈ ಮಾದರಿಯನ್ನು ಕಟ್ಟಬೇಕಾಯಿತು.

ಮನೆಯ ಮಾದರಿಗಳ ಡೆಕ್ಕಿನ ಮೇಲೆ ಸಾಮಾನ್ಯವಾಗಿ ಜನರೇ ಇರುವುದಿಲ್ಲ. 1:700ರಲ್ಲಿ ಒಬ್ಬ ನಾವಿಕ ಎರಡೂವರೆ ಮಿಲಿಮೀಟರ್, ಅವನಿಗೆ ಮುಖ ಬರೆಯುವ ಮಾತೇ ಇಲ್ಲ. ಆದರೂ 1945ರ ಏಪ್ರಿಲ್ 7ರಂದು ಯಮಾಟೊ ಮುಳುಗಿದಾಗ ಸುಮಾರು 3,000 ಮಂದಿ ಅದರೊಡನೆ ಹೋದರು. ರೇಲಿಂಗು ಬಿಟ್ಟರೂ ನಡೆದೀತು, ನಾಲ್ಕಾರು ಮಂದಿಯನ್ನಾದರೂ ನಿಲ್ಲಿಸಬೇಕೆಂಬುದು ನನ್ನ ವಾದ. ಮುಂಭಾಗದ ದೊಡ್ಡ ಫಿರಂಗಿಯ ಕೆಳಗೆ ಒಬ್ಬನನ್ನು ನಿಲ್ಲಿಸಿ ನೋಡಿ: ಆ ನಳಿಗೆ ಹನ್ನೆರಡಾಳುದ್ದ ಇತ್ತೆಂಬುದು ಆಗ ತಿಳಿಯುತ್ತದೆ.